ಭವ್ಯಳ ಎಂಬತ್ತೈದು, ಸ್ವಾಮಿಯ ಎಂಬತ್ತೈದು

ಮೊನ್ನೆ ಹುಣಸೂರಿನಿಂದ ಬೆಟ್ಟದಪುರದ ಕಡೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ನನ್ನ ಕಿಟಕಿಯ ಗಾಜು ಅರ್ಧಕ್ಕೇ ಸಿಕ್ಕಿಕೊಂಡಿತ್ತು, ಮುಚ್ಚಲೂ ಬಾರದು, ತೆರೆಯಲೂ ಬಾರದು. ಸೋನೆ ಮಳೆ ಮುಖಕ್ಕೆ ಚಿಮುಕುತ್ತಿತ್ತು. ಊರು ಇನ್ನೂ ಒಂದಿಷ್ಟು ದೂರ ಇರುವಾಗಲೇ ಆ ವಾಸನೆ ಬಂತು. ಹೊಗೆಸೊಪ್ಪು ಬ್ಯಾರನ್ನಿನಲ್ಲಿ ಬೇಯುವ ವಾಸನೆ. ಗೊತ್ತಿಲ್ಲದವರಿಗೆ ಹೇಗೆ ಹೇಳುವುದು? ಒಣಹುಲ್ಲಿಗೆ ಬೆಲ್ಲದ ನೀರು ಚಿಮುಕಿಸಿ ಒಲೆಯ ಪಕ್ಕ ಇಟ್ಟರೆ ಹೀಗೆ ಬರಬಹುದೇನೋ. ಸಿಗರೇಟಿನ ಹೊಗೆ ಕಂಡರೆ ನನಗಾಗದು, ಬಟ್ ಈ ವಾಸನೆ ಬೇರೆಯೇ. ಮೊದಲೆಲ್ಲ ಇದು ಮೂಗಿಗೆ ಬಿದ್ದರೆ ನಾನು ಮದುವೆಯಾಗಿ ಆ ಮನೆಗೆ ಬಂದ ವರ್ಷ ನೆನಪಾಗುತ್ತಿತ್ತು. ಈಗ ಅದು ಹಿಂದೆ ಸರಿದಿದೆ. ಈಗ ನೆನಪಾಗುವುದು ಎರಡು ವರ್ಷದ ಹಿಂದಿನ ಮಳೆಗಾಲ, ಮತ್ತು ಒಂದು ಕಂಪ್ಯೂಟರು.

ಆ ವರ್ಷ ಹುಣಸೂರಿನ ನನ್ನ ಮನೆಯ ಆರ್‌ಸಿಸಿ ಸೋರಲು ಶುರುವಾಗಿ, ರಿಪೇರಿಯವರು ಇಡೀ ಮನೆಯ ಸಾಮಾನನ್ನು ಹಾಲಿಗೆ ತಂದು ರಾಶಿ ಹಾಕಿದ್ದರು. ಮಲಗುವುದಕ್ಕೂ ಜಾಗವಿಲ್ಲ. ನನ್ನ ಮೈದುನ ಸ್ವಾಮಿ ಫೋನು ಮಾಡಿ, "ಅತ್ತಿಗೆ, ಅಲ್ಲಿ ಸಿಮೆಂಟ್ ಧೂಳು ಕುಡ್ಕಂಡು ಯಾಕ್ ಕೂತೀರಿ, ಬಂದ್ಬುಡಿ" ಅಂದ. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಅವನು ಚಡ್ಡಿ ಹಾಕಿಕೊಂಡು ಗೋಲಿ ಆಡುತ್ತಿದ್ದ ಹುಡುಗ. ನನ್ನ ಯಜಮಾನರು ಹೋಗಿ ವರ್ಷಗಳಾದವು. ಅವರಿಗೂ ನನಗೂ ಕೆಲಸ ಹುಣಸೂರಿನಲ್ಲೇ ಇದ್ದದ್ದರಿಂದ ಬೆಟ್ಟದ ಬುಡದ ಜಮೀನನ್ನೆಲ್ಲ ಸ್ವಾಮಿಯೇ ನೋಡಿಕೊಂಡು ಬಂದವನು. ರಾಗಿ, ಜೋಳ, ಜೊತೆಗೆ ಹೊಗೆಸೊಪ್ಪು. ಬ್ಯಾರನ್ನು ಮನೆಯ ಹಿಂದೆಯೇ ಇದೆ. ಮಣ್ಣಿನ ಗೋಡೆಯ ಎತ್ತರದ ಕೋಣೆ. ಹೊರಗೆ ಒಲೆ, ಒಳಗೆ ನೆಲದುದ್ದಕ್ಕೂ ಬಿಸಿಗಾಳಿಯ ತಗಡಿನ ಪೈಪು, ಮೇಲೆ ಸಾಲುಸಾಲಾಗಿ ನೇತುಹಾಕಿದ ಹಸಿರು ಎಲೆ. ಆರೇಳು ದಿನ ಬಿಸಿಯನ್ನು ಮೆಲ್ಲಮೆಲ್ಲಗೆ ಏರಿಸುತ್ತ ಹೋದರೆ ಹಸಿರೆಲೆ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಅವಸರ ಮಾಡಿದರೆ ಕಪ್ಪಾಗುತ್ತದೆ. ಸ್ವಾಮಿಯ ಇಡೀ ವರ್ಷದ ಮಾನ ಮರ್ಯಾದೆ ಆ ಕೋಣೆಯ ಥರ್ಮಾಮೀಟರಿನಲ್ಲಿದೆ.

ನಾನು ಹೋದಾಗ ಆಷಾಢ ಮುಗಿಯುತ್ತ ಬಂದಿತ್ತು. ಮೊದಲನೇ ಬ್ಯಾರನ್ ಹಾಕಿದ್ದರು. ಸ್ವಾಮಿಯ ಹೆಂಡತಿ ಜಯಮ್ಮ ನನ್ನ ಬ್ಯಾಗು ಇಸಿದುಕೊಂಡು, ಅಕ್ಕ ಬಂದದ್ದು ಒಳ್ಳೆಯದಾಯಿತು, ಈ ಅಪ್ಪ ಮಗಳ ನಡುವೆ ತನಗೆ ತಲೆಕೆಟ್ಟು ಹೋಗಿದೆ, ಒಬ್ಬರು ಒಲೆ ಮುಂದೆ ಕೂತರೆ ಏಳುವುದಿಲ್ಲ, ಇನ್ನೊಬ್ಬಳು ಟಿವಿ ಮುಂದೆ ಕೂತರೆ ಏಳುವುದಿಲ್ಲ ಅಂದಳು. ಟಿವಿ ಅಂದರೆ ಕಂಪ್ಯೂಟರು. ಜಯಮ್ಮನಿಗೆ ಪರದೆ ಇರುವುದೆಲ್ಲ ಟಿವಿ.

ಮಗಳು ಭವ್ಯ. ಅವರಿಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಡಿಗ್ರಿ ಮುಗಿಸಿ, ಮೈಸೂರಿನಲ್ಲಿ ಒಂದು ವರ್ಷ ವಿಡಿಯೋ ಎಡಿಟಿಂಗ್ ಕಲಿತು ಊರಿಗೇ ವಾಪಸ್ಸು ಬಂದಿದ್ದಳು. ಪಿರಿಯಾಪಟ್ಟಣ, ಹುಣಸೂರು, ಕೊಪ್ಪದ ಕಡೆಯ ಮದುವೆಗಳಿಗೆ ವಿಡಿಯೋ ತೆಗೆಯುವವರು ತೆಗೆದದ್ದನ್ನು ಇವಳಿಗೆ ತಂದುಕೊಡುತ್ತಾರೆ, ಇವಳು ಕತ್ತರಿಸಿ ಜೋಡಿಸಿ ಕೊಡುತ್ತಾಳೆ. ಆ ಕೆಲಸಕ್ಕೆ ಗೇಮ್ ಆಡುವ ಕಂಪ್ಯೂಟರೇ ಬೇಕಂತೆ. ಅಥವಾ ಗೇಮ್ ಆಡಲು ಬೇಕಿದ್ದ ಕಂಪ್ಯೂಟರಿಗೆ ಈ ಕೆಲಸ ಒಂದು ನೆಪವೋ, ಐ ನೆವರ್ ಆಸ್ಕ್ಡ್. ದೊಡ್ಡ ಕಪ್ಪು ಡಬ್ಬ, ಒಂದು ಮಗ್ಗುಲಿಗೆ ಗಾಜು, ಒಳಗೆ ನೀಲಿ ನೇರಳೆ ದೀಪಗಳು ಹೊಳೆಯುತ್ತ ದಸರಾ ವಸ್ತುಪ್ರದರ್ಶನದ ಹಾಗೆ. ಬಂದ ದಿನ ಜಯಮ್ಮ ಆರತಿ ಎತ್ತಿ ಗಾಜಿಗೆ ಕುಂಕುಮ ಇಟ್ಟದ್ದು ಹಾಗೇ ಒಣಗಿ ಅಂಟಿತ್ತು. ಸಂಜೆ ಹೊತ್ತು ಭವ್ಯ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, "ಹಿಂದಿಂದ ಬರ್ತಾ ಇದಾರೆ ನೋಡ್ರೋ" ಅಂತ ಕೂಗಿದರೆ ಜಯಮ್ಮ ಕೈಯಲ್ಲಿದ್ದದ್ದನ್ನು ಬಿಟ್ಟು ಹಿತ್ತಲ ಬಾಗಿಲು ನೋಡಿ ಬರುತ್ತಿದ್ದಳು.

ಆ ಕಂಪ್ಯೂಟರು ಎಲ್ಲಿತ್ತು ಅನ್ನುವುದೇ ಈ ಕಥೆಯ ಮುಖ್ಯ ಸಂಗತಿ. ಬ್ಯಾರನ್ನಿನ ಗೋಡೆಗೆ ಒತ್ತಿಕೊಂಡ ಹಾಗೆ ಒಂದು ಹೆಂಚಿನ ಕೋಣೆ ಇದೆ, ಬೆಂದ ಎಲೆಯನ್ನು ಬಣ್ಣ ನೋಡಿ ವಿಂಗಡಿಸುವ ಗ್ರೇಡಿಂಗ್ ರೂಮು. ನಮ್ಮ ಊರಿನ ಮಳೆಗಾಲ ಕಂಡವರಿಗೆ ಗೊತ್ತು, ಅಲ್ಲಿ ಥಂಡಿಯೇ ಶತ್ರು. ಉಪ್ಪು ನೀರಾಗುತ್ತದೆ, ಬೀರುವಿನ ಸೀರೆಗೆ ಬೂಷ್ಟು ಹಿಡಿಯುತ್ತದೆ, ಬೆಂಕಿಪೊಟ್ಟಣ ಕೆರೆದು ಕೆರೆದು ಸಾಕಾಗುತ್ತದೆ. ಬ್ಯಾರನ್ ಉರಿಯುವಾಗ ಇಡೀ ಮನೆಗೆ ಬೆಚ್ಚಗಿರುವ ಜಾಗ ಅದೊಂದೇ. ಹಾಗಾಗಿ ಬಿತ್ತನೆ ರಾಗಿ, ಹಪ್ಪಳದ ಡಬ್ಬ, ಒಣಗದ ಬಟ್ಟೆ, ಬಾಣಂತಿ ಬಂದರೆ ಬಾಣಂತಿ, ಎಲ್ಲ ಆ ಕೋಣೆಗೇ. ಮಗಳ ಕಂಪ್ಯೂಟರಿಗೆ ಥಂಡಿ ಹಿಡಿಯಬಾರದೆಂದು ಸ್ವಾಮಿ ತನ್ನ ಗ್ರೇಡಿಂಗ್ ರೂಮಿನ ಅರ್ಧ ಭಾಗವನ್ನು ಬಿಟ್ಟುಕೊಟ್ಟಿದ್ದ, ಬ್ಯಾರನ್ ಗೋಡೆಯ ಮಗ್ಗುಲನ್ನೇ. ಅವನ ಮಟ್ಟಿಗೆ ಅದು ದೊಡ್ಡ ತ್ಯಾಗ. ಹೆಂಚಿನ ಸಂದಿಯಿಂದ ಹನಿ ಬಿದ್ದೀತೆಂದು, ಎಲೆಯ ರಾಶಿಗೆ ಹೊದಿಸುವ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಒಂದು ತುಂಡು ಕತ್ತರಿಸಿ ಅದರ ತಲೆಯ ಮೇಲೂ ಹೊದಿಸಿದ್ದ. ಭವ್ಯ ಕೆಲಸಕ್ಕೆ ಕೂತಾಗ ಅದನ್ನು ತೆಗೆಯುತ್ತಿದ್ದಳು, ಅವನು ಬಂದು ಮತ್ತೆ ಹೊದಿಸುತ್ತಿದ್ದ.

ನಾನು ಹೋದ ಮಾರನೇ ದಿನವೇ ಭವ್ಯಳ ಮುಖದಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಬೆಳಗ್ಗೆ ಉಪ್ಪಿಟ್ಟು ಮುಟ್ಟದೆ ಎದ್ದುಹೋದಳು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಒಳಗೆ ಸೆಕೆ ಮುಖಕ್ಕೆ ಹೊಡೆಯಿತು. ಅವಳು ಪರದೆ ನೋಡುತ್ತ ಕೂತಿದ್ದವಳು, ತಿರುಗದೆಯೇ, "ದೊಡ್ಡಮ್ಮ, ನಿಂಗಮ್ಮಜ್ಜಿ ಹೋಗ್ಬಿಡ್ತಾಳೆ" ಅಂದಳು.

ನಿಂಗಮ್ಮಜ್ಜಿ ಯಾರು ಅಂತ ಕೇಳಿದ ಮೇಲೆ ಎಲ್ಲ ಒಂದೊಂದಾಗಿ ಬಂತು. ಆಷಾಢಕ್ಕೆ ಮುಂಚೆ ಹನಗೋಡಿನಲ್ಲಿ ನಂದಿನಿ ಅನ್ನುವ ಹುಡುಗಿಯ ಮದುವೆಯಾಗಿತ್ತು. ಅವಳ ಅಜ್ಜಿ ನಿಂಗಮ್ಮ, ಸುತ್ತಮುತ್ತಲ ಊರಿನ ಮದುವೆಗಳಲ್ಲಿ ಸೋಬಾನೆ ಪದ ಹೇಳುತ್ತಿದ್ದ ಹೆಂಗಸು. ಎಷ್ಟೋ ವರ್ಷದಿಂದ ಯಾರು ಫೋನು ಹಿಡಿದರೂ ಸೆರಗು ಮುಖಕ್ಕೆ ಎಳೆದುಕೊಂಡು ಬಾಯಿ ಮುಚ್ಚಿಬಿಡುತ್ತಿದ್ದಳಂತೆ. ಮೊಮ್ಮಗಳ ಮದುವೆ ಅಂತ ಆವತ್ತೊಂದು ದಿನ ಕ್ಯಾಮೆರಾದ ಎದುರು ಕೂತು, ಎಣ್ಣೆ ಅರಿಶಿನದ ಶಾಸ್ತ್ರದಿಂದ ಹಿಡಿದು ಧಾರೆಯವರೆಗೆ ಹಾಡಿದ್ದಳು. ಈಗ ವಾರದ ಹಿಂದೆ ತೀರಿಕೊಂಡಿದ್ದಳು. ತಿಥಿಯ ದಿನ ಜೊತೆಗೆ ಪದ ಹೇಳುತ್ತಿದ್ದ ಹೆಂಗಸರೆಲ್ಲ ಬರುತ್ತಾರೆ, ಅವರ ಮುಂದೆ ಅಜ್ಜಿಯ ದನಿ ಕೇಳಿಸಬೇಕು, ಮದುವೆಯ ಉಳಿದ ವಿಡಿಯೋ ಯಾವಾಗ ಕೊಟ್ಟರೂ ಆಗುತ್ತದೆ, ಆ ಹಾಡುಗಳನ್ನು ಮಾತ್ರ ಮೊದಲು ಕೊಡಿ ಅಂತ ನಂದಿನಿ ದಿನಾ ಫೋನು ಮಾಡುತ್ತಿದ್ದಳು.

ವಿಡಿಯೋ ತೆಗೆದವನು ಅದನ್ನೆಲ್ಲ ಭವ್ಯಳ ಕಂಪ್ಯೂಟರಿಗೆ ಹಾಕಿಕೊಟ್ಟು, ತನ್ನ ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿ ಮುಂದಿನ ಮದುವೆಗೆ ಹೋಗಿದ್ದ. ಅದು ಎಲ್ಲರೂ ಮಾಡುವ ರೂಢಿಯೇ. ಆಷಾಢದಲ್ಲಿ ಮದುವೆ ಇಲ್ಲ, ಬಿಡುವಾಗಿ ಇನ್ನೊಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿಡೋಣ ಅಂತ ಭವ್ಯ ಅಂದುಕೊಂಡಿದ್ದಳು. ಈಗ ನಕಲು ಮಾಡಲು ಹೋದರೆ ಸ್ವಲ್ಪ ದೂರ ಹೋಗಿ, ಆಮೆಯ ಹಾಗೆ ನಿಧಾನವಾಗಿ, ಆಮೇಲೆ ಮದುವೆಯ ವಿಡಿಯೋ ಇರುವ ಡ್ರೈವೇ ಕಂಪ್ಯೂಟರಿನಿಂದ ಮಾಯವಾಗಿಬಿಡುತ್ತದೆ. ಇತ್ತು ಅನ್ನುವ ಗುರುತೂ ಇಲ್ಲ. ಆಫ್ ಮಾಡಿ ಒಂದಿಷ್ಟು ಹೊತ್ತು ಬಿಟ್ಟು ಆನ್ ಮಾಡಿದರೆ ಮತ್ತೆ ಬರುತ್ತದೆ. ಮತ್ತೆ ನಕಲಿಗೆ ಕೊಟ್ಟರೆ ಮತ್ತೆ ಮಾಯ. ಹೀಗೆ ಹೋಗಿ ಬಂದು ಮಾಡುತ್ತಿರುವುದು ಒಂದು ಸಲ ಹೋದರೆ ಬರದೇ ಇರಬಹುದು. ನಿಂಗಮ್ಮಜ್ಜಿಯ ದನಿ ಈ ಲೋಕದಲ್ಲಿ ಇರುವುದು ಅದೊಂದರಲ್ಲೇ.

ನಾನು ನೋಡಬೇಕು ಅಂದೆ. ಅವಳು ಗಾಜಿನೊಳಗೆ ಬೆರಳು ತೋರಿಸಿದಳು. ಆ ಡ್ರೈವಿನ ಹೆಸರು ಎಸ್‌ಎಸ್‌ಡಿ, ಅಂದರೆ ಏನೋ ದೊಡ್ಡ ಯಂತ್ರ ಅಂದುಕೊಂಡಿದ್ದೆ. ಅದು ಚೂಯಿಂಗ್ ಗಮ್ಮಿನ ಪಟ್ಟಿಯಷ್ಟಿದೆಯಂತೆ. ಮೇಲೆ ಒಂದು ಅಲ್ಯೂಮಿನಿಯಂ ಮುಚ್ಚಳ, ಅದರ ಕೆಳಗೇ ಇಟ್ಟಿಗೆಯಂಥ ಗ್ರಾಫಿಕ್ಸ್ ಕಾರ್ಡು. ಹಳೆಯ ಡಿಸ್ಕುಗಳ ಹಾಗೆ ತಿರುಗುವುದಿಲ್ಲ, ಸದ್ದಿಲ್ಲ. ಹಾಗಾಗಿ ಅದಕ್ಕೆ ಏನಾಗುತ್ತಿದೆ ಅಂತ ಹೊರಗಿನಿಂದ ತಿಳಿಯುವುದೇ ಇಲ್ಲ. ಅದರ ಬಿಸಿ ಎಷ್ಟು ಅಂತ ಪರದೆಯ ಮೂಲೆಯಲ್ಲಿ ಒಂದು ಅಂಕಿ ಬರುತ್ತದೆ, ಅದೊಂದೇ ಗುರುತು. ಕೆಲಸವಿಲ್ಲದಾಗಲೇ ಅರವತ್ತರ ಮೇಲಿತ್ತು. ನಕಲಿಗೆ ಕೊಟ್ಟ ಕೂಡಲೇ ಏರಿ ಏರಿ ಎಂಬತ್ತು ದಾಟಿ, ಆ ಅಂಕಿಯ ಜೊತೆಗೇ ಡ್ರೈವೂ ಮಾಯ.

ಇಷ್ಟು ಹೊತ್ತಿಗೆ ಒಲೆಗೆ ಸೌದೆ ಹಾಕಿ ಕೈ ಒರೆಸಿಕೊಳ್ಳುತ್ತ ಸ್ವಾಮಿ ಬಂದ. ಮಗಳ ಮುಖ ನೋಡಿ ಏನಾಯಿತು ಅಂದ. ಬಿಸಿ ಜಾಸ್ತಿಯಾಗಿ ಕೆಟ್ಟುಹೋಗುತ್ತಿದೆ, ಎಂಬತ್ತಕ್ಕೆ ಹೋಗುತ್ತಿದೆ ಅಂತ ಭವ್ಯ ಹೇಳಿದಳು. ಸ್ವಾಮಿ ಒಂದು ಕ್ಷಣ ಅವಳನ್ನೇ ನೋಡಿದ.

"ಎಂಬತ್ತಾ? ಎಂಬತ್ತು ಒಂದು ಬಿಸಿಯೇನವ್ವ? ಅಷ್ಟರಲ್ಲಿ ನಮ್ ಸೊಪ್ಪು ಬಾಡೋದೂ ಇಲ್ಲ ಕಣ. ಥಂಡಿ ಹಿಡಿದೈತೆ ನಿನ್ ಮಿಸಿನ್ಗೆ."

ಭವ್ಯ ಪರದೆಯ ಕಡೆ ತಿರುಗಿದಳು. ಅವನು ಹೊರಗೆ ಹೋಗಿ ಎರಡು ಗೋಣಿಚೀಲ ತಂದು ಕಿಟಕಿಯ ಸಂದಿಗೆ ತುರುಕಿದ, ತಣ್ಣನೆ ಗಾಳಿ ನುಗ್ಗದ ಹಾಗೆ. ಅಪ್ಪ ತಮಾಷೆ ಮಾಡುತ್ತಿದ್ದಾನೆ ಅಂತ ಅವಳು, ಮಗಳಿಗೆ ಸಹಾಯ ಮಾಡುತ್ತಿದ್ದೇನೆ ಅಂತ ಅವನು. ನನಗೆ ಎರಡೂ ಅರ್ಥವಾಗದೆ, ಫ್ರಾಂಕ್ಲಿ, ಸೆಕೆ ತಡೆಯಲಾಗದೆ ನಾನು ಜಗುಲಿಗೆ ಹೋಗಿ ಕೂತೆ.

ಮಾರನೇ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಮುದ್ದೆ, ಬಸ್ಸಾರು. ಬೆಳಗ್ಗೆಯಿಂದ ಭವ್ಯ ಮೂರ್ನಾಲ್ಕು ಸಲ ಪ್ರಯತ್ನ ಮಾಡಿದ್ದಳು, ಪ್ರತಿ ಸಲವೂ ಮೊದಲಿಗಿಂತ ಬೇಗ ಮಾಯವಾಗಿತ್ತು. ಮೈಸೂರಿನ ಅಂಗಡಿಯವರಿಗೆ ಫೋನು ಮಾಡಿದರೆ ತೆಗೆದುಕೊಂಡು ಬನ್ನಿ, ನೋಡೋಣ, ಡೇಟಾಕ್ಕೆ ಗ್ಯಾರಂಟಿ ಇಲ್ಲ ಅಂದಿದ್ದರು. ಸ್ವಾಮಿ ತುತ್ತು ಮುರಿಯುತ್ತ ಸಹಜವಾಗಿ ಕೇಳಿದ, ಈಗ ಎಷ್ಟೈತೆ ಅಂತ. ಭವ್ಯ ತಲೆ ಎತ್ತದೆ, ಎಂಬತ್ತೈದು ಅಂದಳು.

"ಪರವಾಗಿಲ್ಲ. ಏರ್ತಾ ಐತೆ."

ಅವಳು ತಟ್ಟೆ ಸರಿಸಿದಳು. ಅವಳು ಜಗಳ ಆಡುವ ಹುಡುಗಿಯಲ್ಲ. ಮೆಲ್ಲಗೆ, ಒಂದೊಂದೇ ಮಾತಾಗಿ ಹೇಳಿದಳು. "ಅಪ್ಪ, ನಿನ್ನ ಬ್ಯಾರನ್ ಕೆಟ್ರೆ ಮನೆಯವರೆಲ್ಲ ಅಳಬೇಕು. ನನ್ನ ಕೆಲಸ ಕೆಟ್ರೆ ನಿನಗೆ ನಗು." ಎದ್ದು ಕೈ ತೊಳೆಯಲು ಹೋದಳು.

ಸ್ವಾಮಿ ನನ್ನ ಮುಖ ನೋಡಿದ. "ನಾ ಏನಂದೆ ಅತ್ತಿಗೆ?" ಅವನ ಮುಖದಲ್ಲಿ ನಗುವೇನೂ ಇರಲಿಲ್ಲ. ನಿಜವಾಗಿ ಗಾಬರಿಯಾಗಿದ್ದ. ಅವನು ಹಾಗೆಲ್ಲ ಹಂಗಿಸುವವನಲ್ಲ ಅಂತ ನನಗೆ ಗೊತ್ತು. ಹಾಗಾದರೆ ಎಂಬತ್ತೈದು ಅವನಿಗೆ ಯಾಕೆ ಕಡಿಮೆ ಅನ್ನಿಸಿತು? ಸುಮ್ಮನೆ ಕೇಳಿದೆ, ನಿನ್ನ ಬ್ಯಾರನ್ ಈಗ ಎಷ್ಟರಲ್ಲಿದೆಯಪ್ಪ ಅಂತ.

"ನೂರ ಹತ್ತು. ಈಗ್ ತಾನೆ ಒಳೀಕ್ ಓಗಿ ಎಲೆ ಮುಟ್ಟಿ ನೋಡ್ಕಂಡ್ ಬಂದೆ."

ನೂರಕ್ಕೆ ನೀರು ಕುದಿಯುತ್ತದೆ. ನೂರ ಹತ್ತರೊಳಗೆ ಹೋಗಿ ಎಲೆ ಮುಟ್ಟಿ ಬಂದು ಈ ಮನುಷ್ಯ ಮುದ್ದೆ ತಿನ್ನುತ್ತಿದ್ದಾನೆ! ಆ ಕ್ಷಣಕ್ಕೆ ನನಗೆ ಹೊಳೆಯಿತು. ಕಾನ್ವೆಂಟಿನಲ್ಲಿ ನಮ್ಮ ಸೈನ್ಸ್ ಸಿಸ್ಟರ್ ಬೋರ್ಡಿನ ಮೇಲೆ ಎರಡು ಥರ್ಮಾಮೀಟರ್ ಬರೆದು, ಗರ್ಲ್ಸ್, ಇವೆರಡೂ ಒಂದೇ ಸತ್ಯವನ್ನು ಬೇರೆ ಬೇರೆ ಭಾಷೆಯಲ್ಲಿ ಹೇಳುತ್ತವೆ ಅನ್ನುತ್ತಿದ್ದರು. ಬ್ಯಾರನ್ನಿನ ಥರ್ಮಾಮೀಟರು ಜ್ವರ ನೋಡುವ ಥರ್ಮಾಮೀಟರಿನ ಜಾತಿ, ಫ್ಯಾರನ್‌ಹೀಟ್. ಅವನ ಅಪ್ಪನ ಕಾಲದಿಂದ ಅದೇ. ಅವನಿಗೆ ಡಿಗ್ರಿ ಅಂದರೆ ಅದೊಂದೇ. ಭವ್ಯಳ ಪರದೆಯ ಮೇಲಿನದು ಸೆಲ್ಸಿಯಸ್. ಅವಳಿಗೂ ಡಿಗ್ರಿ ಅಂದರೆ ಅದೊಂದೇ.

ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, ಮೂವತ್ತೆರಡು ಕೂಡಿಸಬೇಕು. ಬಾಯಲ್ಲೇ ಲೆಕ್ಕ ಹಾಕಿದೆ. ಬಂದ ಉತ್ತರ ನಂಬಲಾಗದೆ ಮತ್ತೊಂದು ಸಲ ಹಾಕಿದೆ.

"ಸ್ವಾಮಿ, ಅವಳ ಎಂಬತ್ತೈದು ನಿನ್ನ ಎಂಬತ್ತೈದಲ್ಲ. ನಿನ್ನ ಥರ್ಮಾಮೀಟರಲ್ಲಿ ನೋಡಿದ್ರೆ ಅದು ನೂರ ಎಂಬತ್ತೈದು."

ಅವನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಬ್ಯಾರನ್ ಬೇಯಿಸುವವರಿಗೆ ಆ ಅಂಕಿ ಹೇಗೆ ಕೇಳಿಸುತ್ತದೆ ಅಂತ ಆಗ ನೋಡಿದೆ. ಕೊನೆಯ ದಿನ ಎಲೆಯ ಕಡ್ಡಿ ಒಣಗಿಸಲು ಅವರು ಹೋಗುವುದೇ ನೂರ ಅರವತ್ತರ ಆಸುಪಾಸಿಗೆ. ಅದಕ್ಕಿಂತ ಮೇಲೆ ಹೋದರೆ ಒಲೆ ಕಾಯುವವನ ನಿದ್ದೆ ಹಾರಿಹೋಗುತ್ತದೆ.

"ನೂರ ಎಂಬತ್ತೈದಾ?" ಅಂದ. ದನಿಯೇ ಬದಲಾಗಿತ್ತು. "ಬ್ಯಾರನ್ನೇ ಅತ್ಕಂಡೋಯ್ತದಲ್ಲ ಅತ್ತಿಗೆ."

ಎಂಜಲು ಕೈಯಲ್ಲೇ ಎದ್ದು ಓಡಿದ. ನಾವು ಹೋಗುವಷ್ಟರಲ್ಲಿ ಕಿಟಕಿಯ ಗೋಣಿಚೀಲಗಳು ಅಂಗಳದಲ್ಲಿ ಬಿದ್ದಿದ್ದವು. ಪ್ಲಾಸ್ಟಿಕ್ ಹಾಳೆ ಅವನ ಕೈಯಲ್ಲಿತ್ತು. ಬ್ಯಾರನ್ ಗೋಡೆಗೆ ಅಂಗೈ ಇಟ್ಟು ನೋಡಿದ, ಆಮೇಲೆ ಗಾಜಿನ ಮೇಲೆ ಇಟ್ಟು ನೋಡಿದ. ಆ ಗೋಡೆ ಜ್ವರ ಬಂದ ಮೈಯ ಹಾಗಿತ್ತು, ದಿನವೂ ಅದರ ಪಕ್ಕ ಓಡಾಡುವವನಿಗೆ ಅದು ಬಿಸಿ ಅನ್ನಿಸಿಯೇ ಇರಲಿಲ್ಲ. ಭವ್ಯ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳಿಗೆ ಎರಡೇ ಮಾತಿನಲ್ಲಿ ಹೇಳಿದೆ, ನಿಮ್ಮಪ್ಪ ಇಷ್ಟು ದಿನ ಕೇಳಿಸಿಕೊಂಡದ್ದು ಫ್ಯಾರನ್‌ಹೀಟಿನಲ್ಲಿ ಅಂತ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಬೆಚ್ಚಗಿರ್ಲಿ ಅಂತ ಇಟ್ಟೆ ಕಣವ್ವ," ಅಂದ ಸ್ವಾಮಿ. "ನಿನ್ ಸಾಮಾನು, ಒಳ್ಳೆ ಜಾಗ್ದಲ್ಲಿ ಇರ್ಲಿ ಅಂತ."

ಭವ್ಯ ಹಾಳೆಯನ್ನು ಅವನ ಕೈಯಿಂದ ಇಸಿದುಕೊಂಡು ಮಡಿಸಿ ಮೂಲೆಗಿಟ್ಟಳು. ಅವರಿಬ್ಬರ ನಡುವೆ ಅಷ್ಟೇ ಸಾಕಾಗಿತ್ತು.

ಅದೇ ಮಧ್ಯಾಹ್ನ ಕಂಪ್ಯೂಟರನ್ನು ಸ್ಥಳಾಂತರ ಮಾಡಿದೆವು. ಗ್ರೇಡಿಂಗ್ ರೂಮಿಗೂ ಮನೆಗೂ ನಡುವೆ ಅಂಗಳ, ಅಂಗಳದ ತುಂಬ ಮಳೆ. ಜಯಮ್ಮ ಕಂಬಳಿ ತಂದಳು, ಸುತ್ತಿಕೊಂಡು ಹೋಗಿ ಅಂತ. ನಾವು ಮೂವರೂ ಒಟ್ಟಿಗೆ ಬೇಡ ಬೇಡ ಅಂದದ್ದು ನೋಡಿ ಆ ಬಡಪಾಯಿ ಹೆದರಿ ಹಿಂದೆ ಸರಿದಳು. ಸ್ವಾಮಿ ಡಬ್ಬವನ್ನು ಎಳಗರುವಿನ ಹಾಗೆ ಎದೆಗೆ ಅವಚಿಕೊಂಡ. ಭವ್ಯ ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತ ಮೆಲ್ಲಗೆ, ಮೆಲ್ಲಗೆ ಅನ್ನುತ್ತಿದ್ದಳು. ಛತ್ರಿ ನನ್ನದು. ಡಬ್ಬಕ್ಕೆ ಒಂದು ಹನಿಯೂ ಬೀಳದ ಹಾಗೆ ಹಿಡಿದೆ, ನಾನೂ ಸ್ವಾಮಿಯೂ ಪೂರ್ತಿ ನೆಂದೆವು. ಜಗುಲಿಗೆ ಹೊಂದಿದ ಹಾಗೆ ಒಂದು ಉದ್ದನೆಯ ಪಡಸಾಲೆ ಇದೆ, ಎರಡು ಕಡೆಯೂ ಕಿಟಕಿ, ಬೆಟ್ಟದ ಕಡೆಯಿಂದ ಬರುವ ಗಾಳಿ ಈ ಕಿಟಕಿಯಲ್ಲಿ ಹೊಕ್ಕು ಆ ಕಿಟಕಿಯಲ್ಲಿ ಹೊರಡುತ್ತದೆ. ಅಲ್ಲಿ ನನಗೆ ಹಾಸಿದ್ದ ಮಂಚ ಸರಿಸಿ ಮೇಜು ಹಾಕಿದೆವು. ಗಾಜಿನ ಮಗ್ಗುಲನ್ನು ಬಿಚ್ಚಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟಳು ಭವ್ಯ. ಥಂಡಿಗಾಳಿಗೆ ನಾನು ಶಾಲು ಹೊದ್ದುಕೊಂಡೆ.

ಕೆಲಸವಿಲ್ಲದಾಗಿನ ಅಂಕಿ ಕೂಡಲೇ ನಲವತ್ತರ ಹತ್ತಿರಕ್ಕೆ ಇಳಿಯಿತು. ಜಯಮ್ಮ ಆಗಲೇ ದೇವರಿಗೆ ಕೈ ಮುಗಿದಳು. ಆದರೆ ನಕಲಿಗೆ ಕೊಟ್ಟ ಮೇಲೆ ಮತ್ತೆ ಏರಿತು. ಮೊದಲಿನಷ್ಟು ಬೇಗ ಅಲ್ಲ, ಆದರೂ ಏರಿತು. ಎಪ್ಪತ್ತು ದಾಟಿತು. ಸುತ್ತ ಇಷ್ಟು ತಣ್ಣಗಿದ್ದರೂ ಇದೊಂದು ಯಾಕೆ ಕುದಿಯುತ್ತಿದೆ ಅಂತ ಭವ್ಯಳಿಗೆ ಹೊಳೆಯಲಿಲ್ಲ. ಅಷ್ಟರೊಳಗೆ ನಿಶ್ಚಿತಾರ್ಥದ ಭಾಗ, ಚಪ್ಪರದ ಭಾಗ ಬಂದಿದ್ದವು. ಹಾಡಿನ ಭಾಗವೇ ಎಲ್ಲಕ್ಕಿಂತ ದೊಡ್ಡದು, ಅದು ಶುರುವಾಗಿ ಕಾಲು ಭಾಗವೂ ಆಗಿರಲಿಲ್ಲ. ಮತ್ತೆ ಮಾಯ. ಈ ಸಲ ಆನ್ ಮಾಡಿದರೆ ಡ್ರೈವು ಬರಲಿಲ್ಲ.

ಭವ್ಯ ಕುರ್ಚಿಯ ಮೇಲೆ ಕಾಲು ಮಡಿಸಿ ಮೊಣಕಾಲಿಗೆ ಗಲ್ಲ ಊರಿ ಕೂತಳು. ಸ್ವಾಮಿ ಕಂಬಕ್ಕೆ ಒರಗಿ ನಿಂತಿದ್ದ. ಬ್ಯಾರನ್ ಒಲೆಯ ಕಡೆ ಹೋಗಬೇಕಾದ ಹೊತ್ತು, ಹೋಗಲಿಲ್ಲ. ಜಯಮ್ಮನನ್ನೇ ಕಳಿಸಿದ. ಹನಗೋಡಿನಿಂದ ಫೋನು ಬಂತು, ನಂದಿನಿಯದು. ಭವ್ಯ ಅದನ್ನು ನೋಡುತ್ತ ಕೂತಳು, ಅದು ಬಡಿದುಕೊಂಡು ಸುಮ್ಮನಾಯಿತು.

ಒಂದಿಷ್ಟು ಹೊತ್ತಾದ ಮೇಲೆ ಇನ್ನೊಂದು ಸಲ ಆನ್ ಮಾಡಿದಳು. ಬಂತು. ಇನ್ನು ಹೀಗೆ ಆಟ ಆಡುವುದು ಬೇಡ, ಮುಚ್ಚಳ ಬಿಚ್ಚಿ ನೋಡಿಯೇ ಬಿಡುತ್ತೇನೆ ಅಂದು ಎಲ್ಲ ಆಫ್ ಮಾಡಿ, ಪ್ಲಗ್ಗು ಕಿತ್ತಳು. ಆ ಡ್ರೈವನ್ನು ಆ ವರ್ಷದ ಶುರುವಿನಲ್ಲಿ ಅವಳೇ ತರಿಸಿ, ಅವಳೇ ಕೂರಿಸಿದ್ದಳು. ಸ್ಕ್ರೂ ಅಕ್ಕಿಕಾಳಿನಷ್ಟು. ನನ್ನ ಕನ್ನಡಕದ ಡಬ್ಬಿಯಲ್ಲಿದ್ದ ಪುಟ್ಟ ಸ್ಕ್ರೂಡ್ರೈವರ್ ಕೊಟ್ಟೆ. ಕೈಗೆ ಅಡ್ಡವಾಗುತ್ತಿದ್ದ ಗ್ರಾಫಿಕ್ಸ್ ಕಾರ್ಡ್ ತೆಗೆದಿಟ್ಟು, ಅಲ್ಯೂಮಿನಿಯಂ ಮುಚ್ಚಳವನ್ನು ಎತ್ತಿದಳು. ಅದು ಏನೂ ತಡೆಯಿಲ್ಲದೆ, ಪೆನ್ಸಿಲ್ ಡಬ್ಬಿಯ ಮುಚ್ಚಳದ ಹಾಗೆ ಎದ್ದು ಬಂತು.

"ಅಂಟ್ಕೊಂಡಿರಬೇಕಿತ್ತು," ಅಂದಳು ತನ್ನಷ್ಟಕ್ಕೆ.

ಮುಚ್ಚಳದ ಒಳಮೈಗೆ ಬೂದು ಬಣ್ಣದ ಮೆತ್ತನೆಯ ಪಟ್ಟಿ ಇತ್ತು. ಡ್ರೈವಿನ ಬಿಸಿಯನ್ನು ಹೀರಿ ಲೋಹಕ್ಕೆ ದಾಟಿಸುವುದು ಅದರ ಕೆಲಸವಂತೆ. ನಾನು ಬಗ್ಗಿ ನೋಡಿದೆ. ಆ ಪಟ್ಟಿಯ ಮೇಲೆ ಟೇಬಲ್ ಫ್ಯಾನಿನ ಗಾಳಿಗೆ ಏನೋ ಮಿಣಮಿಣ ಹೊಳೆಯಿತು. ಇದೇನೇ ಈ ನೀಲಿ ಅಂದೆ.

ಭವ್ಯ ಉಗುರಿನಿಂದ ಅಂಚು ಎತ್ತಿದಳು. ತೆಳ್ಳನೆಯ ನೀಲಿ ಪ್ಲಾಸ್ಟಿಕ್ ಹಾಳೆ, ಹೊಸ ಸಾಮಾನಿನ ಮೇಲೆ ಅಂಟಿಸಿ ಕಳಿಸುತ್ತಾರಲ್ಲ, ಅದು. ಅದು ಅಡ್ಡ ಇದ್ದದ್ದರಿಂದ ಪಟ್ಟಿ ಡ್ರೈವಿಗೆ ತಾಗದೆ, ಬಿಸಿ ಲೋಹಕ್ಕೆ ದಾಟಿಯೇ ಇರಲಿಲ್ಲ.

ಇಲ್ಲಿ ಆ ಮನೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಸ್ವಾಮಿಯ ಮನೆಯಲ್ಲಿ ಹೊಸ ಸಾಮಾನಿನ ಪ್ಲಾಸ್ಟಿಕ್ ಯಾರೂ ಕೀಳುವ ಹಾಗಿಲ್ಲ. ಫ್ರಿಜ್ಜಿನ ಬಾಗಿಲ ಮೇಲಿನ ಹಾಳೆ ಹಳದಿಯಾಗಿ ಅಂಚು ಸುರುಳಿ ಸುತ್ತಿದೆ, ಕಿತ್ತಿಲ್ಲ. ಸೋಫಾದ ಮೇಲೆ ಕೂತರೆ ಚರಚರ ಅನ್ನುತ್ತದೆ, ಕಿತ್ತಿಲ್ಲ. ಸ್ಕೂಟರಿನ ಸೀಟು, ಗೋಡೆ ಗಡಿಯಾರ, ಅವನ ಕೈಗಡಿಯಾರದ ಬೆನ್ನು ಕೂಡ. ಕಿತ್ತ ದಿನದಿಂದ ಸಾಮಾನು ಹಳೆಯದು ಅನ್ನುವುದು ಅವನ ಸಿದ್ಧಾಂತ. ಆ ಮನೆಯಲ್ಲಿ ಬೆಳೆದ ಹುಡುಗಿಗೆ ಆ ನೀಲಿ ಹಾಳೆ ಕೀಳಬೇಕಾದದ್ದು ಅಂತ ಕಂಡೇ ಇರಲಿಲ್ಲ.

"ನಾನೇ ಬಿಟ್ಟಿದ್ದು ದೊಡ್ಡಮ್ಮ," ಅಂದಳು ಮೆಲ್ಲಗೆ. "ಹೊಸದು, ಹಾಗೇ ಇರ್ಲಿ ಅಂತ."

"ನಿಮ್ಮಪ್ಪನ ಮಗಳು ಕಣೇ ನೀನು," ಅಂದೆ.

ಮೊದಲು ನಕ್ಕದ್ದು ಸ್ವಾಮಿ. ಎರಡು ದಿನದಿಂದ ಬಿಗಿಹಿಡಿದಿದ್ದದ್ದೆಲ್ಲ ಒಟ್ಟಿಗೆ ಹೊರಗೆ ಬಂದಂತೆ ಕಂಬ ಹಿಡಿದುಕೊಂಡು ನಕ್ಕ. ಭವ್ಯಳಿಗೆ ನಗುವೋ ಅಳುವೋ ಗೊತ್ತಾಗದೆ ಕಣ್ಣಲ್ಲಿ ನೀರು ಬಂತು. ಹಾಳೆ ಕಿತ್ತು, ಪಟ್ಟಿಯನ್ನು ಸರಿಯಾಗಿ ಕೂರಿಸಿ, ಮುಚ್ಚಳ ಒತ್ತಿದಳು. ಈ ಸಲ ಅದು ಕಚ್ಚಿ ಹಿಡಿಯಿತು.

ಆಮೇಲಿನದು ಕಾಯುವ ಕೆಲಸ. ಒಟ್ಟಿಗೆ ಎಲ್ಲವನ್ನೂ ಕೊಡದೆ, ಒಂದೊಂದು ಹಾಡಾಗಿ ನಕಲು ಮಾಡುತ್ತ, ನಡುನಡುವೆ ಡ್ರೈವಿಗೆ ಉಸಿರು ಬಿಡಲು ಹೊತ್ತು ಕೊಡುತ್ತ ಹೋದಳು. ವೋಲ್ಟೇಜು ಇಳಿದೀತೆಂದು ಜಯಮ್ಮ ಮಿಕ್ಸಿ ಹಾಕದೆ ಒರಳಿನಲ್ಲಿ ಚಟ್ನಿ ಅರೆದಳು. ಸ್ವಾಮಿ ಬ್ಯಾರನ್ನಿಗೂ ಪಡಸಾಲೆಗೂ ಓಡಾಡುತ್ತ, ಅಲ್ಲೊಂದು ಥರ್ಮಾಮೀಟರು, ಇಲ್ಲೊಂದು ಅಂಕಿ ನೋಡುತ್ತಿದ್ದ. ಅಂಕಿ ಐವತ್ತೈದರ ಹತ್ತಿರ ಬಂದು ಅಲ್ಲೇ ನಿಂತಿತು. ಏರಲಿಲ್ಲ. ಅವನು ಸುಮ್ಮನೆ ನನ್ನ ಕಡೆ ನೋಡಿದ. ನಾನು ಲೆಕ್ಕ ಹಾಕಿ, ನೂರ ಮೂವತ್ತೊಂದು ಅಂದೆ.

"ಎಲೆ ಒಣಗೋ ಹದ," ಅಂದ ತೃಪ್ತಿಯಿಂದ. "ಅಂಗೇ ಇರ್ಲಿ ಬುಡವ್ವ, ಅಲ್ಲಾಡಿಸ್ಬ್ಯಾಡ."

ಕೊನೆಯ ಹಾಡು ದಾಟಿದಾಗ ಬೆಟ್ಟದ ಮೇಲೆ ಮೋಡ ಸ್ವಲ್ಪ ಹರಿದು ಇಳಿಬಿಸಿಲು ಬಂದಿತ್ತು. ಭವ್ಯ ಕುರ್ಚಿ ಬಿಟ್ಟು ಎದ್ದು, ನನ್ನ ಮಂಚದ ಮೇಲೆ ಕೈಕಾಲು ಚಾಚಿ ಬಿದ್ದುಕೊಂಡಳು. ಹಸಿವಾಗ್ತಿದೆ ಅಂದಳು. ಆ ಮಾತು ಕೇಳಿ ಜಯಮ್ಮನ ಮುಖ ಅರಳಿದ್ದನ್ನು ನಾನು ಮರೆಯುವುದಿಲ್ಲ. ನನಗೂ ಆಗಲೇ ಗೊತ್ತಾದದ್ದು, ಎರಡು ದಿನದಿಂದ ನಾನು ಭುಜ ಬಿಗಿಹಿಡಿದುಕೊಂಡೇ ಕೂತಿದ್ದೆ ಅಂತ. ನಾನು ಮುಖವನ್ನೂ ನೋಡಿರದ ಒಬ್ಬ ಹೆಂಗಸಿಗಾಗಿ.

ನಂದಿನಿಗೆ ಫೋನು ಮಾಡಿದ ಮಾರನೇ ಬೆಳಗ್ಗೆಯೇ ಅವಳು ಗಂಡನ ಬೈಕಿನಲ್ಲಿ ಬಂದುಬಿಟ್ಟಳು. ಚಿಕ್ಕ ಹುಡುಗಿ, ಮದುವೆಯ ಅರಿಶಿನದ ಕೊಂಬಿನ ದಾರ ಇನ್ನೂ ಹೊಸದು. ತೆಗೆದುಕೊಂಡು ಹೋಗುವ ಮೊದಲು ಒಂದು ಸಲ ಇಲ್ಲೇ ನೋಡಲೇ ಅಂತ ಕೇಳಿದಳು. ಭವ್ಯ ಹಾಕಿದಳು. ಪರದೆಯ ಮೇಲೆ ನಿಂಗಮ್ಮಜ್ಜಿ ಬಂದಳು. ಸಣ್ಣ ಮೈ, ದೊಡ್ಡ ಮೂಗುಬಟ್ಟು. ಕಣ್ಣು ಮುಚ್ಚಿ ದನಿ ಎತ್ತಿದಳು. ವಯಸ್ಸಾದ ದನಿ, ಅಲ್ಲಲ್ಲಿ ಬಿರಿಯುತ್ತಿತ್ತು, ಆದರೆ ದಾರಿ ತಪ್ಪುತ್ತಿರಲಿಲ್ಲ. ಜಯಮ್ಮ ಸೆರಗು ಬಾಯಿಗಿಟ್ಟುಕೊಂಡಳು. ನಂದಿನಿ ಅಲ್ಲಾಡದೆ ನಿಂತಿದ್ದಳು.

ಹಾಡು ಏರುತ್ತಿದ್ದ ಹಾಗೆಯೇ ಯಾರೋ ಒಬ್ಬ ತಟ್ಟೆ ಹಿಡಿದುಕೊಂಡು ಕ್ಯಾಮೆರಾಗೆ ಅಡ್ಡ ಬಂದ. ನಿಂಗಮ್ಮಜ್ಜಿ ಪದವನ್ನು ಅಲ್ಲಿಗೇ ತುಂಡರಿಸಿ, ಕಣ್ಣು ಬಿಟ್ಟು, "ಏಯ್ ಜರುಗ್ಲಾ ಅತ್ತಾಗೆ, ನನ್ ಮೊಮ್ಮಗ್ಳು ಕಾಣಲ್ಲ" ಅಂತ ಗದರಿ, ಮತ್ತೆ ಕಣ್ಣು ಮುಚ್ಚಿ, ಬಿಟ್ಟ ಮಾತಿನಿಂದಲೇ ಪದ ಹಿಡಿದಳು.

ಭವ್ಯ ಸಂಕೋಚದಿಂದ, ಸಾರಿ, ಇನ್ನೂ ಎಡಿಟ್ ಆಗಿಲ್ಲ, ಫೈನಲ್ ಕೊಡುವಾಗ ಇದನ್ನು ಗೊತ್ತಾಗದ ಹಾಗೆ ಕತ್ತರಿಸುತ್ತೇನೆ ಅಂದಳು.

ನಂದಿನಿ ನಗುತ್ತಿದ್ದಳು. ಕೆನ್ನೆಯೆಲ್ಲ ಒದ್ದೆ, ಆದರೂ ನಗುತ್ತಿದ್ದಳು.

"ಬ್ಯಾಡ ಅಕ್ಕ. ಪದ ಬೇಕಾರೆ ಇನ್ಯಾರಾರೂ ಯೋಳ್ತಾರೆ. ಅಂಗೆ ಬಯ್ಯೋರು ನಮ್ಮಜ್ಜಿ ಒಬ್ರೇ."